ಮರಗೆಲಸದ ವರ್ಕ್‌ಶಾಪಿಗೆ ಎಂಥ ಅಳತೆ ಟೇಪು ತಗೋಬೇಕು?

ಮೇಜು, ಕಪಾಟು ಮಾಡುವವರಿಗೆ 5 ಮೀಟರ್ ಟೇಪು ಧಾರಾಳ ಸಾಕು, 3 ಮೀಟರ್ ಆದರೂ ನಡೆಯುತ್ತದೆ. 8 ಮೀಟರ್ ತಗೊಂಡರೆ ಸುಮ್ನೆ ಭಾರ. 25 ಮಿ.ಮೀ. ಅಗಲದ ಪಟ್ಟಿ ಬಾಗದೆ ದೂರ ಚಾಚುತ್ತದೆ ನಿಜ, ಕಟ್ಟಡದ ಕೆಲಸಕ್ಕೆ ಅದು ಸರಿ. ಹಲಗೆ ಮೇಲಿಟ್ಟರೆ ಮಾತ್ರ ಅದರ ಅಂಚು ಎದ್ದು ನಿಲ್ಲುತ್ತದೆ, ಸ್ವಲ್ಪ ಓರೆಯಾಗಿ ನೋಡಿದರೂ ಗುರುತು ತಪ್ಪುತ್ತದೆ. 16 ಅಥವಾ 19 ಮಿ.ಮೀ. ಪಟ್ಟಿಯೇ ವಾಸಿ.

ಬ್ರ್ಯಾಂಡ್‌ಗಿಂತ ಮೊದಲು ಪಟ್ಟಿಯ ಶುರುವಿನಲ್ಲಿ ರೋಮನ್ ಅಂಕಿಯಲ್ಲಿ ಅಚ್ಚಾಗಿರುವ ದರ್ಜೆ ನೋಡಿ. ಎರಡನೇ ದರ್ಜೆಯ ಟೇಪು 5 ಮೀಟರ್‌ಗೆ 1.3 ಮಿ.ಮೀ. ವರೆಗೆ ಹೆಚ್ಚುಕಡಿಮೆ ತೋರಿಸಬಹುದು. ಒಂದನೇ ದರ್ಜೆಯಲ್ಲಿ ಅದು 0.6 ಮಿ.ಮೀ. ಅಷ್ಟೇ.

ತುದಿಯ ಕೊಕ್ಕೆ ಅಲ್ಲಾಡುತ್ತೆ ಅಂತ ಟೇಪನ್ನು ವಾಪಸ್ ಕೊಡಬೇಡಿ. ಅದು ತನ್ನ ದಪ್ಪದಷ್ಟು ಸರಿದಾಡಲೇಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದರೆ ಹೊರಗೆ ಬರುತ್ತದೆ, ಡ್ರಾಯರ್ ಒಳಗೆ ಒತ್ತಿ ಹಿಡಿದರೆ ಹಿಂದೆ ಹೋಗುತ್ತದೆ. ಹಾಗಾಗಿಯೇ ಎರಡು ಕಡೆಯೂ ಸೊನ್ನೆ ಸರಿಯಾಗಿ ಕೂರುತ್ತದೆ. ಪರೀಕ್ಷೆ ಸುಲಭ: ಒಂದು ಹಲಗೆ ತುಂಡನ್ನು ಕೊಕ್ಕೆ ಸಿಕ್ಕಿಸಿ ಅಳೆಯಿರಿ. ಆಮೇಲೆ ಅದರ ತುದಿಯನ್ನೂ ಕೊಕ್ಕೆಯನ್ನೂ ಗೋಡೆಗೆ ಒತ್ತಿ ಇನ್ನೊಮ್ಮೆ ಅಳೆಯಿರಿ. ಎರಡೂ ಒಂದೇ ಬರಬೇಕು. ಟೇಪು ಕೈಜಾರಿ ಕೊಕ್ಕೆ ನೆಲಕ್ಕೆ ಬಡಿದಾಗಲೆಲ್ಲ ಇದನ್ನು ಮಾಡಿ ನೋಡಿ.

ತೀರಾ ನಿಖರ ಬೇಕಾದಾಗ ಕೊಕ್ಕೆಯನ್ನು ಬಿಟ್ಟು 10 ಸೆಂ.ಮೀ. ಗೆರೆಯಿಂದ ಅಳೆದು, ಆ ಹತ್ತನ್ನು ಕಳೆಯಿರಿ (ಕಳೆಯೋದು ಮರೆತರೆ ಹಲಗೆ ಗಿಡ್ಡ!). ಒಂದು ಪೀಠೋಪಕರಣ ಮುಗಿಯುವವರೆಗೆ ಟೇಪು ಬದಲಿಸಬೇಡಿ. 30 ಸೆಂ.ಮೀ. ಒಳಗಿನ ಅಳತೆಗಳಿಗೆ ಟೇಪಿಗಿಂತ ಸ್ಟೀಲ್ ಸ್ಕೇಲೇ ಮೇಲು.