ಡಾಂಗಲ್ ಸರ್ವಿಸ್‌ನ ಫೈಲ್ ಅಳಿಸೋಕೆ ಹೋಗ್ಬೇಡಿ

ಸರ್, ಟಾಸ್ಕ್ ಮ್ಯಾನೇಜರ್‌ನಲ್ಲಿ ಹ್ಯಾಸ್ಪ್‌ಎಲ್‌ಎಂಎಸ್ (hasplms, ಡಾಂಗಲ್ ಅಂದ್ರೆ ಲೈಸೆನ್ಸ್ ಇರೋ ಯುಎಸ್‌ಬಿ ಕೀಯನ್ನ ಗುರುತಿಸೋ ಸರ್ವಿಸ್) ನೋಡಿ ವೈರಸ್ ಅಂದ್ಕೊಂಡು ಸಿಸ್ಟಮ್32 ಫೋಲ್ಡರಿಂದ ಫೈಲನ್ನೇ ಅಳಿಸಿದ್ದೀರಿ. ಈಗ ಎಂಬ್ರಾಯ್ಡರಿ ಸಾಫ್ಟ್‌ವೇರ್ ತೆರೆದ್ರೆ ಎಚ್0033 ಅನ್ನೋ ಎರರ್ ಬರ್ತಿದೆ ಅಂತೀರಿ. ಬರದೇ ಇನ್ನೇನು! ಸಾಫ್ಟ್‌ವೇರ್ 1947 ಅನ್ನೋ ನೆಟ್‌ವರ್ಕ್ ಪೋರ್ಟ್‌ನಲ್ಲಿ ಆ ಸರ್ವಿಸನ್ನೇ ಹುಡುಕೋದು, ಅದು ಸಿಗದಿದ್ರೆ ಎಚ್0033. ಡಾಂಗಲ್ ಮಾತ್ರ ಕಾಣದಿದ್ರೆ ಎಚ್0007 ಬರುತ್ತೆ, ಆಗ ಯುಎಸ್‌ಬಿ ಹಬ್ ಬಿಟ್ಟು ಕಂಪ್ಯೂಟರಿನ ಯುಎಸ್‌ಬಿ ಪೋರ್ಟ್‌ಗೇ ನೇರ ಹಾಕಿ ನೋಡಿ.

ಸರಿಮಾಡೋಕೆ ಮೊದಲು ಡಾಂಗಲ್ ಕಿತ್ತಿಡಿ, ಚುಚ್ಚಿಟ್ಟುಕೊಂಡು ಡ್ರೈವರ್ ತೆಗೆದ್ರೆ ಅರ್ಧಂಬರ್ಧ ಉಳಿಯುತ್ತೆ. ಥೇಲ್ಸ್ ಕಂಪನಿಯ ಸೈಟಿಂದಲೇ ಸೆಂಟಿನಲ್ ರನ್‌ಟೈಮ್‌ನ (ಈ ಸರ್ವಿಸ್, ಡ್ರೈವರ್ ಎರಡೂ ಇರೋ ಪ್ಯಾಕೇಜ್) ಕಮಾಂಡ್ ಲೈನ್ ಇನ್‌ಸ್ಟಾಲರ್ ತಗೊಳ್ಳಿ, ಯಾರೋ ಡ್ರೈವ್ ಲಿಂಕ್ ಕಳಿಸಿದ್ರೆ ಬೇಡ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹ್ಯಾಸ್ಪ್‌ಡಿಇನ್‌ಸ್ಟ್ ಮೈನಸ್ ಎಫ್‌ಆರ್ ಮೈನಸ್ ಕೆಪಿ (haspdinst -fr -kp) ಓಡಿಸಿ ಹಳೇದನ್ನ ತೆಗೀರಿ, ರೀಸ್ಟಾರ್ಟ್ ಮಾಡಿ, ಆಮೇಲೆ ಮೈನಸ್ ಐ (haspdinst -i) ಓಡಿಸಿ ಹೊಸದನ್ನ ಹಾಕಿ, ಕೊನೆಗೆ ಡಾಂಗಲ್ ಚುಚ್ಚಿ. ಡಾಂಗಲ್ ಇಲ್ಲದೆ ಬರೀ ಸಾಫ್ಟ್‌ವೇರ್ ಕೀ ಕೊಟ್ಟಿದ್ರೆ ಈ ಹೆಜ್ಜೆಗಳಿಗೆ ಕೈ ಹಾಕಲೇಬೇಡಿ, ಮಾರಿದವರನ್ನ ಕೇಳದೆ ಏನೂ ತೆಗೀಬೇಡಿ. ಆ ಲೈಸೆನ್ಸ್ ಇದೇ ಕಂಪ್ಯೂಟರ್‌ನಲ್ಲಿ ಕೂತಿರುತ್ತೆ.

ಆದರೆ ನಿಮ್ಮ ಅನುಮಾನ ಸುಳ್ಳಲ್ಲ. ಈ ಸರ್ವಿಸ್ ಹೇಳದೇ ಕೇಳದೇ ಫೈರ್‌ವಾಲ್‌ನಲ್ಲಿ 1947ಕ್ಕೆ ದಾರಿ ಮಾಡ್ಕೊಳ್ಳುತ್ತೆ, ಡಾಂಗಲ್ ಕಿತ್ತರೂ ಆ ದಾರಿ ತೆರೆದೇ ಇರುತ್ತೆ. 2018ರಲ್ಲಿ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯವರು ಇದರಲ್ಲಿ 14 ದೋಷ ಪಟ್ಟಿ ಮಾಡಿದ್ರು, ಕೆಲವು ದೂರದಿಂದಲೇ ಕೋಡ್ ಓಡಿಸೋವಂಥವು. ಸರ್ವಿಸ್ ಓಡೋದು ಸಿಸ್ಟಮ್ ಅಧಿಕಾರದಲ್ಲಿ, ಅಂದ್ರೆ ಕಂಪ್ಯೂಟರಿನಲ್ಲಿ ಏನು ಬೇಕಾದ್ರೂ ಮಾಡಬಹುದು, ಅದಕ್ಕೇ ಭಯ. ಹಳೇ ಸಿಡಿಯ ಡ್ರೈವರ್ ಹಾಕ್ಕೊಂಡು ಕೂತವರು ಇವತ್ತೇ ಬದಲಾಯಿಸಿ.

ಅಳಿಸೋ ಬದಲು ಕಟ್ಟಿಹಾಕಿ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 1947 (localhost:1947) ತೆರೆದು, ಕಾನ್ಫಿಗರೇಶನ್‌ಗೆ ಹೋಗಿ, ರಿಮೋಟ್ ಕ್ಲೈಂಟ್‌ಗಳಿಗೆ (ಬೇರೆ ಕಂಪ್ಯೂಟರ್‌ಗಳಿಗೆ) ಇರೋ ಅನುಮತಿ ತೆಗೀರಿ, ನೆಟ್‌ವರ್ಕ್‌ನಲ್ಲಿ ಲೈಸೆನ್ಸ್ ಹುಡುಕೋ ಬ್ರಾಡ್‌ಕಾಸ್ಟ್ ಹುಡುಕಾಟಾನೂ ತೆಗೀರಿ. ಆಮೇಲೆ ವಿಂಡೋಸ್ ಫೈರ್‌ವಾಲ್‌ನ ಇನ್‌ಬೌಂಡ್ ರೂಲ್‌ಗಳಲ್ಲಿ ಸೆಂಟಿನಲ್ ಅಥವಾ ಹ್ಯಾಸ್ಪ್ ಹೆಸರಿನದ್ದು ಡಿಸೇಬಲ್ ಮಾಡಿ. ಅದೇ ಕಂಪ್ಯೂಟರಿನೊಳಗಿನ ಮಾತುಕತೆಗೆ ಆ ರೂಲ್ ಬೇಕಿಲ್ಲ, ಡಿಸೈನ್ ಕೆಲಸ ನಿಲ್ಲಲ್ಲ. ರನ್‌ಟೈಮ್ ಅಪ್‌ಡೇಟ್ ಆದಾಗಲೆಲ್ಲ ರೂಲ್ ಮತ್ತೆ ಬಂದಿದೆಯಾ ನೋಡಿ.

ದಿನಾ ಬಳಸದವರು ಸರ್ವಿಸ್‌ನ ಸ್ಟಾರ್ಟಪ್ ಟೈಪ್ ಮ್ಯಾನುಯಲ್ ಇಡಿ. ಸಾಫ್ಟ್‌ವೇರ್ ತಾನಾಗಿ ಅದನ್ನ ಎಬ್ಬಿಸಲ್ಲ, ನೆಟ್ ಸ್ಟಾರ್ಟ್ ಹ್ಯಾಸ್ಪ್‌ಎಲ್‌ಎಂಎಸ್ (net start hasplms) ಅಂತ ಒಂದು ಬ್ಯಾಚ್ ಫೈಲ್ ಮಾಡಿ ಅಡ್ಮಿನ್ ಆಗಿ ಓಡಿಸಬೇಕು. ಒಂದೇ ಡಾಂಗಲ್‌ನ ನಾಲ್ಕು ಕಂಪ್ಯೂಟರ್ ಹಂಚಿಕೊಂಡಿದ್ರೆ ಡಾಂಗಲ್ ಇರೋ ಕಂಪ್ಯೂಟರ್‌ನಲ್ಲಿ ಮೇಲೆ ಹೇಳಿದ ನಿರ್ಬಂಧ ಯಾವುದೂ ಬೇಡ. ಅಲ್ಲಿ ಸ್ಟಾರ್ಟಪ್ ಟೈಪ್ ಆಟೊಮ್ಯಾಟಿಕ್ಕೇ ಇರಲಿ, ಫೈರ್‌ವಾಲ್ ರೂಲ್ ಮಾತ್ರ ನಿಮ್ಮ ಲೋಕಲ್ ನೆಟ್‌ವರ್ಕ್‌ಗೆ ಸೀಮಿತ ಮಾಡಿ.

ಕೋಡ್‌ಮೀಟರ್ (ಇನ್ನೊಂದು ಕಂಪನಿಯ ಇಂಥದ್ದೇ ಲೈಸೆನ್ಸ್ ವ್ಯವಸ್ಥೆ) ಇರೋರೂ ನೋಡ್ಕೊಳ್ಳಿ, ಅದರ ಪೋರ್ಟ್ 22350. 2020ರಲ್ಲಿ ಅದರಲ್ಲೂ ಗಂಭೀರ ದೋಷ ಸಿಕ್ಕಿತ್ತು, ಹೊಸ ವರ್ಷನ್ ಹಾಕಿ. ಕಾಮೆಂಟ್‌ನಲ್ಲಿ ಯಾರೋ ಡಾಂಗಲ್ ಬದಲು ಎಮ್ಯುಲೇಟರ್ (ಡಾಂಗಲ್ ಇದೆ ಅಂತ ಸಾಫ್ಟ್‌ವೇರನ್ನ ನಂಬಿಸೋ ನಕಲಿ) ಹಾಕಿ ಅಂದಿದ್ದಾರೆ, ದಯವಿಟ್ಟು ಅಂಥ ಸಲಹೆ ಕೊಡಬೇಡಿ. ಒಂದು ಸರ್ವಿಸ್‌ಗೆ ಹೆದರಿ, ಯಾರು ಬರೆದಿದ್ದೋ ಗೊತ್ತಿಲ್ಲದ ಡ್ರೈವರನ್ನ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೆ ಬಿಟ್ಕೊಳ್ಳೋದಾ?

ಮೈನಸ್ ಐ ಆದಮೇಲೂ ಎಚ್0033 ಬಂದ್ರೆ ಆಂಟಿವೈರಸ್ ಆ ಫೈಲನ್ನ ಕ್ವಾರಂಟೈನ್‌ನಲ್ಲಿ ಕೂಡಿಹಾಕಿದೆಯಾ ನೋಡಿ. ಅಲ್ಲೂ ಇಲ್ಲದಿದ್ರೆ ಸರ್ವಿಸಸ್ ಕಿಟಕಿಯ ಸ್ಕ್ರೀನ್‌ಶಾಟನ್ನ ವಿಂಡೋಸ್ ವರ್ಷನ್ ಸಮೇತ ಹಾಕಿ, ನೋಡೋಣ.