ಏಳು ಮಾರ್ದನಿಗೆ ಎಷ್ಟು ಹೊತ್ತು?

ನಮಸ್ಕಾರ.

ನೀವು ಕಳಿಸಿದ ಗೋಳಗುಮ್ಮಟದ ಕತೆ ಓದಿದೆ. ಭಾಷೆ ಹದವಾಗಿದೆ, ಅಜ್ಜನ ಪಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ಮೂರನೆಯ ಪುಟದಲ್ಲಿ ನನ್ನ ಓದು ನಿಂತೇಬಿಟ್ಟಿತು.

ಅಲ್ಲಿ ಹುಡುಗ ಗ್ಯಾಲರಿಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟುತ್ತಾನೆ. “ಮೊದಲ ಮಾರ್ದನಿಗೆ ಅಜ್ಜನ ರುಮಾಲು ನೆನಪಾಯಿತು. ಎರಡನೆಯದಕ್ಕೆ ಅವರು ಸಂತೆಯಿಂದ ತರುತ್ತಿದ್ದ ಬೆಂಡು ಬತ್ತಾಸು.” ಹೀಗೆ ಏಳು ಮಾರ್ದನಿಗೆ ಏಳು ನೆನಪು, ಒಂದೂವರೆ ಪುಟ! ಲೆಕ್ಕ ಹಾಕಿ ನೋಡಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. 25 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ. ಎದುರು ಗೋಡೆ ಮುಟ್ಟಿ ಬರಲು 76 ಮೀಟರ್, ಅಂದರೆ 0.22 ಸೆಕೆಂಡು. ಗೋಡೆಗುಂಟ ಪೂರ್ತಿ ಒಂದು ಸುತ್ತು ಹಾಕಿ ಬಂದರೂ 0.35 ಸೆಕೆಂಡು. ಏಳೂ ಮುಗಿಯಲು ಹೆಚ್ಚೆಂದರೆ ಎರಡೂವರೆ ಸೆಕೆಂಡು. ಅಷ್ಟರೊಳಗೆ ಎಣಿಸುವುದೇ ಕಷ್ಟ, ನೆನಪಿಗೆ ಜಾಗವೆಲ್ಲಿ? ನೆನಪುಗಳು ಸದ್ದು ಅಡಗಿದ ಮೇಲೆ ಬರಲಿ.

ಮುಂದಿನ ಸಾಲು: “ಅಜ್ಜನ ಪಿಸುಮಾತು ಗೋಡೆಗೆ ಬಡಿದು ಮರಳಿ ಹುಡುಗನ ಕಿವಿಗೆ ಬಿತ್ತು.” ಹುಡುಗ ನಿಂತಿರುವುದೇ ಎದುರು ಬದಿಯಲ್ಲಿ. ಮರಳಿದ ಮಾತು ಅಜ್ಜನ ಕಡೆಗೆ ಹೋಗಬೇಕಿತ್ತಲ್ಲ! ಪಿಸುಮಾತು ಅಲ್ಲಿ ಮಾರ್ದನಿಯಾಗಿ ಬರುವುದಿಲ್ಲ, ಬಾಗಿದ ಗೋಡೆಯನ್ನು ಸವರಿಕೊಂಡು ಸಾಗುತ್ತದೆ. ಹೆಚ್ಚು ಚೆದುರದ ಕಾರಣ ಅಷ್ಟು ದೂರಕ್ಕೂ ಕೇಳಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್‌ನ ಗ್ಯಾಲರಿಯ ವಿಷಯದಲ್ಲಿ ಇದನ್ನು ವಿವರಿಸಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ. ಸಿ. ವಿ. ರಾಮನ್ ಕೂಡ 1921ರಲ್ಲಿ ಅಲ್ಲಿ ಪ್ರಯೋಗ ಮಾಡಿದರು.

ನೀವು ಅಜ್ಜನನ್ನು ಗುಮ್ಮಟದ ನಡುವಿಗೆ ಮುಖಮಾಡಿ ನಿಲ್ಲಿಸಿದ್ದೀರಿ. ಹಾಗೆ ನಿಂತು ಪಿಸುಗುಟ್ಟಿದರೆ ಮಾತು ಬಯಲಿಗೆ ಹರಡಿ ಸೊರಗುತ್ತದೆ. ಗೋಡೆಗೆ ಬಾಯಿ ಹತ್ತಿರ ತಂದು, ಗೋಡೆಗುಂಟ ಹೇಳಬೇಕು. ಹುಡುಗನೂ ಗೋಡೆಗೇ ಕಿವಿ ಹಿಡಿಯಬೇಕು. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಾತಾಡುತ್ತಾರೆ. ಜಗಳವಾಡಿ ಮಾತು ಬಿಟ್ಟ ಅಜ್ಜ–ಮೊಮ್ಮಗನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ನಿಮ್ಮ ಕೈಯಲ್ಲೇ ಇತ್ತು, ಬಿಟ್ಟುಬಿಟ್ಟಿರಿ.

ಕೊನೆಯ ಪುಟದ ಬಂಡೆಯೂ ಹಾಗೆಯೇ. ಇಪ್ಪತ್ತು ಹೆಜ್ಜೆ ದೂರದಿಂದ “ಅಜ್ಜಾ” ಎಂದು ಕೂಗಿದರೆ ಬಂಡೆ “ಅಜ್ಜಾ” ಎಂದೇ ಓಗೊಡುತ್ತದೆ ಅಂತ ಬರೆದಿದ್ದೀರಿ. ಇಪ್ಪತ್ತು ಹೆಜ್ಜೆಯೆಂದರೆ 15 ಮೀಟರ್. ಮಾರ್ದನಿ ಬೇರೆಯಾಗಿ ಕೇಳಲು ಸುಮಾರು 0.1 ಸೆಕೆಂಡಿನ ಅಂತರ, ಅಂದರೆ 17 ಮೀಟರಾದರೂ ದೂರ ಬೇಕು. ಅದೂ ಚಪ್ಪಾಳೆಯಂಥ ಗಿಡ್ಡ ಸದ್ದಿಗೆ. “ಅಜ್ಜಾ” ಎಂದು ಎಳೆದು ಕೂಗಲು ಅರ್ಧ ಸೆಕೆಂಡು ಹಿಡಿಯುತ್ತದೆ. ಇಡೀ ಪದ ಬಿಡಿಯಾಗಿ ಮರಳಬೇಕಾದರೆ ಬಂಡೆ 86 ಮೀಟರ್ ಆಚೆ ಇರಬೇಕು. 40 ಮೀಟರಿನಲ್ಲಿದ್ದರೆ ಮೊದಲರ್ಧ ನಿಮ್ಮ ಕೂಗಿನಲ್ಲೇ ಮುಚ್ಚಿಹೋಗಿ ಬರೀ “...ಜ್ಜಾ” ಉಳಿಯುತ್ತದೆ. ಅಜ್ಜ ತೀರಿಹೋದ ಮೇಲಿನ ದೃಶ್ಯವಿದು. ಎಷ್ಟು ಮರಳಬೇಕು ಎಂಬುದನ್ನು ನೀವೇ ನಿರ್ಧರಿಸಿ, ಬಂಡೆಯನ್ನು ಅಷ್ಟು ದೂರ ಇಡಿ.

ನಾನು ಕೆಲಸ ಕಲಿಯುವಾಗ ಹಿರಿಯ ಸಂಪಾದಕರೊಬ್ಬರು ಹಸ್ತಪ್ರತಿಯ ಅಂಚಿನಲ್ಲಿ ಎರಡೇ ಪ್ರಶ್ನೆ ಬರೆಯುತ್ತಿದ್ದರು: “ಎಷ್ಟು ದೂರ? ಎಷ್ಟು ಹೊತ್ತು?” ಚಪ್ಪಾಳೆಯಿಂದ ದೂರ ಅಳೆಯುವುದನ್ನು ಕಲಿಸಿದವರೂ ಅವರೇ. ಪ್ರತಿ ಮಾರ್ದನಿಯ ಮೇಲೇ ಮುಂದಿನ ಚಪ್ಪಾಳೆ ಬೀಳುವಂತೆ ಲಯ ಹಿಡಿದು, 20 ಅಂತರಗಳ ಹೊತ್ತು ನೋಡಬೇಕು. ಮೊದಲ ಚಪ್ಪಾಳೆಯನ್ನು ಸೊನ್ನೆ ಎಂದೇ ಎಣಿಸಿ. ಒಂದರಿಂದ ಶುರುಮಾಡಿದರೆ ಸಿಗುವುದು 19 ಅಂತರ. 10 ಸೆಕೆಂಡು ಹಿಡಿದರೆ ಅಂತರ ಅರ್ಧ ಸೆಕೆಂಡು, ಬಂಡೆ 86 ಮೀಟರ್ ದೂರ. ಗುಮ್ಮಟದೊಳಗೆ ಈ ಉಪಾಯ ನಡೆಯದು, ಕೈ ಅಷ್ಟು ಚುರುಕಾಗಿ ಆಡುವುದಿಲ್ಲ. ಅಲ್ಲಿ ಒಂದೇ ಚಪ್ಪಾಳೆ ತಟ್ಟಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅಲೆಯ ಚಿತ್ರದಲ್ಲಿ ಏರುಗಳ ನಡುವಿನ ಅಂತರ ಓದಿ.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಶಾಲಾ ಪ್ರವಾಸದ ಮಕ್ಕಳು ಬಂದರೆ ಅವರ ಕೇಕೆಯಲ್ಲಿ ನಿಮ್ಮ ಚಪ್ಪಾಳೆ ಸಿಕ್ಕುವುದಿಲ್ಲ. ತಿದ್ದಿದ ಪ್ರತಿ ಬಂದಾಗ ಮೂರನೆಯ ಪುಟವನ್ನೇ ಮೊದಲು ತೆರೆಯುತ್ತೇನೆ.