ಡಯಾಲಿಸಿಸ್ ರೋಗಿಗಳ ಸೋಷಿಯಲ್ ಮೀಡಿಯಾ ಬಳಕೆ ಕುರಿತ ಸಂಶೋಧನೆಯಲ್ಲಿ ರೋಗಿಗಳನ್ನೇ ಸಲಹೆಗಾರರಾಗಿ ಸೇರಿಸಿಕೊಳ್ಳುವುದು ಹೇಗೆ?

ರಾಯಚೂರಿನ ಡಯಾಲಿಸಿಸ್ ರೋಗಿಗಳ ಮೇಲೆ ಪ್ರಬಂಧ ಮಾಡ್ತಿದ್ದೀರಿ, ಪ್ರಶ್ನಾವಳಿ ಸಿದ್ಧವಿದೆ, ಈಗ ಗೈಡ್ ‘ರೋಗಿಗಳನ್ನೂ ಕೇಳಿ’ ಅಂದಿದ್ದಾರೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಮೊದಲು ಆ ಪ್ರಶ್ನಾವಳಿಯನ್ನು ಎತ್ತಿಡಿ. ಮುಗಿದ ಹಾಳೆ ಮುಂದಿಟ್ಟು ‘ಸರಿ ಇದೆಯಾ?’ ಅಂದರೆ ‘ಎಲ್ಲಾ ಚಲೋ ಐತ್ರಿ’ ಅಂತಾರೆ, ಅಷ್ಟೇ. ಏನನ್ನು ಕೇಳಬೇಕು ಅನ್ನೋದೇ ಇನ್ನೂ ತೀರ್ಮಾನವಾಗದಿರುವಾಗ, ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವ ಮೊದಲೇ, ಅವರನ್ನು ಕರೆಯಬೇಕು.

6ರಿಂದ 8 ಜನ ಸಾಕು. ಆದರೆ ಇಬ್ಬರನ್ನು ಹೆಚ್ಚಿಗೆ ಒಪ್ಪಿಸಿಟ್ಟುಕೊಳ್ಳಿ. ನಡುವೆ ಅಡ್ಮಿಟ್ ಆಗುವವರು, ಊರು ಬದಲಿಸುವವರು, ತೀರಿಕೊಳ್ಳುವವರು ಇರುತ್ತಾರೆ. ಎಲ್ಲರೂ ಸ್ಮಾರ್ಟ್‌ಫೋನ್ ಇರುವ ಯುವಕರೇ ಆಗಬಾರದು. ಮಗನ ಫೋನಿನಲ್ಲಿ ಯೂಟ್ಯೂಬ್ ನೋಡುವ ತಾಯಿ, ಓದಲು ಬಾರದೆ ಮೈಕ್ ಒತ್ತಿ ಹುಡುಕುವವರು, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರು, ಸಿಂಧನೂರು, ಮಾನ್ವಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು ಬೇಕು. ಕನ್ನಡದ ಜೊತೆ ತೆಲುಗು, ಉರ್ದು ಮಾತಾಡುವವರೂ ಬೇಕು, ಯಾಕಂದ್ರೆ ಫಾರ್ವರ್ಡ್ ಆಗಿ ಬರುವ ವಿಡಿಯೊಗಳು ಒಂದೇ ಭಾಷೆಯವಲ್ಲ.

ಹೆಚ್ಚಿನವರು ಎಡವುವುದು ಸಮಯ ಮತ್ತು ಜಾಗದ ವಿಷಯದಲ್ಲಿ. ವಾರಕ್ಕೆ 2 ಅಥವಾ 3 ಸಲ, ಸಲಕ್ಕೆ ಸುಮಾರು 4 ತಾಸು ಮಷಿನ್ ಮೇಲೆ ಮಲಗಿರುತ್ತಾರಲ್ಲ, ಅಲ್ಲೇ ಕೂತು ಮಾತಾಡಿಸೋಣ ಅನಿಸುತ್ತೆ. ಬೇಡ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಸೂಜಿ, ಕೈ ಮಡಚುವಂತಿಲ್ಲ. ಕೊನೆಯ ತಾಸಿನಲ್ಲಿ ಬಿಪಿ ಇಳಿಯಬಹುದು, ಕಾಲಿಗೆ ಸೆಳೆತ ಬರಬಹುದು. ಪಕ್ಕದ ಹಾಸಿಗೆಗೆ ಎಲ್ಲಾ ಕೇಳಿಸುತ್ತೆ. ಮುಖ್ಯವಾಗಿ, ಸೂಜಿ ಹಾಕುವ ಟೆಕ್ನಿಷಿಯನ್ ಎದುರು ‘ಯೂಟ್ಯೂಬ್ ನೋಡಿ ನಾಟಿ ಔಷಧಿ ತಗೊಂಡೆ’ ಅಂತ ಯಾರೂ ಬಾಯಿ ಬಿಡುವುದಿಲ್ಲ. ಮುಗಿದ ಮೇಲೂ ಆಗದು, ಸುಸ್ತು ಮತ್ತು ಬಸ್ಸಿನ ಚಿಂತೆ. ಮಧ್ಯಾಹ್ನದ ಶಿಫ್ಟಿನವರು ಬೇಗ ಬಂದು ಕಾಯುವ ಹೊತ್ತು ಒಳ್ಳೆಯದು: ಯೂನಿಟ್ ಹೊರಗೊಂದು ಕೋಣೆ, 40 ನಿಮಿಷ, ಸಿಬ್ಬಂದಿ ಇರಬಾರದು. ಜೊತೆಗೆ ಬಂದ ಮನೆಯವರನ್ನು ಬೇರೆ ಕೂರಿಸಿ; ಫೋನು ಅವರದಾದರೆ ಮಾತೂ ಅವರದೇ ಆಗಿಬಿಡುತ್ತದೆ. ಒಗ್ಗರಣಿ–ಮಿರ್ಚಿ, ಎಳನೀರು, ಬಾಳೆಹಣ್ಣು ತರಿಸಬೇಡಿ. ನೀರನ್ನೂ ಅಳತೆಯಲ್ಲೇ ಕುಡಿಯಬೇಕಾದವರಿಗೆ ಉಪ್ಪು ಬಾಯಾರಿಸುತ್ತೆ, ರಾಯಚೂರಿನ ಬಿಸಿಲಿಗೆ ಅದು ದುಪ್ಪಟ್ಟು. ಉಳಿದೆರಡರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕೆಟ್ಟ ಕಿಡ್ನಿ ಅದನ್ನು ಹೊರಹಾಕದು. ಉಪಚಾರದ ಹೆಸರಲ್ಲಿ ಇದೇ ತಪ್ಪು ಹೆಚ್ಚು.

ಬಸ್ ಚಾರ್ಜು, ಜೊತೆಗೆ ಬಂದವರ ಕೂಲಿ ಅವತ್ತೇ ಕೈಗೆ ಕೊಡಿ. ಪ್ರಯಾಣ ಮತ್ತು ಕೂಲಿ ನಷ್ಟ ತುಂಬಿಕೊಡಲು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ.

ಮೊದಲ ಸಭೆಯಲ್ಲಿ ‘ಸಾಮಾಜಿಕ ಮಾಧ್ಯಮ’ ಎಂಬ ಪದವನ್ನೇ ಬಳಸಬೇಡಿ. ಅದನ್ನು ಬಳಸಲ್ಲ ಅನ್ನುವವರೇ ದಿನವಿಡೀ ವಾಟ್ಸ್ಆ್ಯಪ್ ನೋಡಿರುತ್ತಾರೆ. ‘ದಿನಕ್ಕೆ ಎಷ್ಟು ಗಂಟೆ?’ ಅನ್ನೋದೂ ದಂಡ. ಮಷಿನ್ ಮೇಲಿನ ದಿನ ಬೇರೆ, ಮನೆಯ ದಿನ ಬೇರೆ, ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಎರಡೂ ಸುಳ್ಳಾಗುತ್ತವೆ. ‘ಹೋದ ಸಲ ಮಷಿನ್ ಮೇಲಿದ್ದಾಗ ಫೋನಿನಲ್ಲಿ ಏನೇನು ನೋಡಿದ್ರಿ? ಯಾರು ಕಳಿಸಿದ್ದು? ನೋಡಿ ಏನು ಮಾಡಿದ್ರಿ?’ ಅಂತ ಕೇಳಿ. ಬಂದ ವಿಷಯಗಳನ್ನು ಚಿತ್ರವಿರುವ ಕಾರ್ಡ್ ಮಾಡಿ, ಎರಡನೇ ಸಭೆಯಲ್ಲಿ ತಲಾ 10 ಹುಣಸೆ ಬೀಜ ಕೊಟ್ಟು ಮುಖ್ಯ ಅನಿಸಿದ ಕಾರ್ಡಿನ ಮೇಲೆ ಇಡಲು ಹೇಳಿ. ಓದು ಬೇಡ, ಒಂದೇ ಕೈ ಸಾಕು. ನಿಮ್ಮ ಮನಸ್ಸಿನಲ್ಲಿದ್ದ ‘ಫೋನ್ ಗೀಳು’ ಕಾರ್ಡಿಗೆ ಒಂದೂ ಬೀಜ ಬೀಳದೆ, ‘ಕಿಡ್ನಿಗೆ ಮದ್ದು ಅಂತ ಬರೋ ವಿಡಿಯೊ ಖರೆನೋ ಸುಳ್ಳೋ ಯಾರನ್ನ ಕೇಳೂದು’ ಎಂಬುದಕ್ಕೆ ರಾಶಿ ಬಿದ್ದರೆ, ಸಂಶೋಧನೆಯ ಪ್ರಶ್ನೆ ಬದಲಿಸಿ. ಬದಲಿಸಲು ಮನಸ್ಸಿಲ್ಲದಿದ್ದರೆ ಅವರನ್ನು ಕರೆಯದಿರುವುದೇ ಮರ್ಯಾದೆ.

ಆ ಮಾತಿನ ನಡುವೆ ಅಪಾಯದ ಮದ್ದೂ ಹೊರಬರಬಹುದು. ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣಿನ ರಸ ಕಿಡ್ನಿ ಕೆಟ್ಟವರಿಗೆ ಫಿಟ್ಸ್ ತರಿಸಬಲ್ಲದು, ಜೀವವನ್ನೂ ತೆಗೆಯಬಲ್ಲದು. ಅಂಥದ್ದನ್ನು ಯಾರಾದರೂ ಕುಡಿಯುತ್ತಿದ್ದರೆ ಅವತ್ತೇ ಯಾವ ವೈದ್ಯರಿಗೆ ತಿಳಿಸಬೇಕು ಅಂತ ಮೊದಲೇ ಗೊತ್ತುಮಾಡಿ, ಹಾಗೆ ತಿಳಿಸುತ್ತೀರಿ ಎಂಬುದನ್ನು ಗುಂಪಿಗೂ ಮೊದಲೇ ಹೇಳಿಡಿ. ಸಭೆಯಲ್ಲಿ ಬೈಯಬೇಡಿ, ಮುಂದಿನ ಸಲ ಎಲ್ಲರೂ ಮೌನವಾಗುತ್ತಾರೆ.

ವಾಟ್ಸ್ಆ್ಯಪ್ ಗ್ರೂಪ್ ಮಾಡುವ ಆಸೆ ಬಿಡಿ. ಎಲ್ಲರ ನಂಬರು ಎಲ್ಲರಿಗೂ ಕಾಣುತ್ತೆ, ಕಾಯಿಲೆಯೂ ಬಯಲಾಗುತ್ತೆ. ಒಬ್ಬರಿಗೊಬ್ಬರು ಕಾಣದಂತೆ ಸಂದೇಶ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ. ನಿಮ್ಮ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸದಿದ್ದರೆ ಸಂದೇಶ ತಲುಪದು. ಸದಸ್ಯರೊಬ್ಬರು ತೀರಿಕೊಂಡರೆ ಉಳಿದವರಿಗೆ ಯಾರು, ಹೇಗೆ ಹೇಳುವುದು ಎಂಬುದನ್ನೂ ಮೊದಲೇ ಗುಂಪಿನಲ್ಲೇ ಕೇಳಿಕೊಳ್ಳಿ.

ಸಲಹೆಗಾರರಿಂದಲೇ ಮತ್ತೆ ಪ್ರಶ್ನಾವಳಿ ತುಂಬಿಸಬೇಡಿ. ಅವರ ಮಾತನ್ನು ದತ್ತಾಂಶವಾಗಿ ಬಳಸುವುದಾದರೆ ಒಪ್ಪಿಗೆ ಪತ್ರ ಬೇಕು, ಅದನ್ನು ಅರ್ಜಿಯಲ್ಲೇ ಬರೆಯಿರಿ. ಪ್ರತಿ ಸಭೆಗೊಂದು ಹಾಳೆ ಇಟ್ಟು ಮೂರು ಕಾಲಂ ಹಾಕಿ: ಅವರು ಹೇಳಿದ್ದು, ನಾವು ಬದಲಿಸಿದ್ದು, ಬದಲಿಸದಿದ್ದರೆ ಕಾರಣ. ಮುಂದೆ, ಸಂಶೋಧನೆಯಲ್ಲಿ ರೋಗಿಗಳನ್ನು ಹೇಗೆ ಸೇರಿಸಿಕೊಂಡಿರಿ ಎಂದು ವರದಿ ಮಾಡುವ ಗ್ರಿಪ್-2 (GRIPP2) ಚೆಕ್‌ಲಿಸ್ಟಿನ 5 ಅಂಶಗಳ ಕಿರು ರೂಪ ತುಂಬುವಾಗ ಆ ಹಾಳೆಯೇ ಆಧಾರ. ಮುಂದಿನ ಸಭೆ ಶುರುವಾಗುವುದೂ ಅದನ್ನು ಗಟ್ಟಿಯಾಗಿ ಓದಿ ಹೇಳಿಯೇ.